ಯಾವ ವಿಜೇತನಿಂದ ಓದು ಆರಂಭಿಸಬೇಕು? ಪ್ರಾಚೀನ ಜಗತ್ತಿನ ಐದು ದಿಗ್ವಿಜಯಗಳ ಹೋಲಿಕೆ

ಪಠ್ಯಪುಸ್ತಕದಾಚೆಗೆ ಇತಿಹಾಸವನ್ನು ಓದಬೇಕೆಂದು ಹೊರಡುವವರು ಬಹುಮಟ್ಟಿಗೆ ಒಬ್ಬ ದೊಡ್ಡ ವಿಜೇತನನ್ನು ಹಿಡಿದೇ ಒಳಗೆ ಬರುತ್ತಾರೆ. ಆದರೆ ಯಾರನ್ನು ಹಿಡಿಯಬೇಕು ಎಂಬಲ್ಲಿ ತೊಡಕು ಶುರುವಾಗುತ್ತದೆ. ಅಲೆಕ್ಸಾಂಡರನ ಕಥೆ ಎಲ್ಲರ ಕಿವಿಗೂ ಬಿದ್ದದ್ದು. ಅಶೋಕನ ಶಾಸನಗಳು ನಮ್ಮ ರಾಯಚೂರು, ಚಿತ್ರದುರ್ಗಗಳ ಬಂಡೆಗಳ ಮೇಲೇ ಇವೆ. ಪರ್ಷಿಯದ ಸೈರಸ್ ಅವರಿಬ್ಬರಿಗಿಂತ ಹಳಬ. ಚೀನದ ಮೊದಲ ಚಕ್ರವರ್ತಿ ಚಿನ್ ಷಿ ಹ್ವಾಂಗ್‌ನ ಮಣ್ಣಿನ ಸೈನಿಕರ ಚಿತ್ರವನ್ನು ಒಮ್ಮೆ ಕಂಡವರು ಅದನ್ನು ಮರೆಯುವುದಿಲ್ಲ. ಜೂಲಿಯಸ್ ಸೀಸರ್ ತನ್ನ ಯುದ್ಧಗಳ ವೃತ್ತಾಂತವನ್ನು ತಾನೇ ಬರೆದಿಟ್ಟವನು. ಇತಿಹಾಸ ಪಾಠ ಮಾಡುವ ನನ್ನನ್ನು ಪದವಿ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು, ನಿವೃತ್ತಿಯ ಬಳಿಕ ಓದಿನ ಕಡೆಗೆ ತಿರುಗಿದ ಹಿರಿಯರು ಎಲ್ಲರೂ ಈ ಐವರಲ್ಲಿ ಯಾರನ್ನು ಮೊದಲು ಓದಲಿ ಎಂದು ಕೇಳಿದ್ದಾರೆ. ಎಲ್ಲರಿಗೂ ಒಪ್ಪುವ ಒಂದೇ ಉತ್ತರ ನನ್ನಲ್ಲಿಲ್ಲ. ಆದರೆ ಅಳೆಯುವ ಕ್ರಮವೊಂದಿದೆ, ಅದನ್ನು ಇಲ್ಲಿ ಮುಂದಿಡುತ್ತೇನೆ.

ಅಳೆಯುವ ಮುನ್ನ

ಮೊದಲಿಗೆ ಭೂಪಟವನ್ನು ಪಕ್ಕಕ್ಕಿಡುವುದು ಒಳ್ಳೆಯದು. ಯಾರು ಎಷ್ಟು ನೆಲ ಗೆದ್ದರು ಎಂಬ ಲೆಕ್ಕದಿಂದ ಅವರ ಹಂಬಲದ ಅಳತೆ ಸಿಗುವುದಿಲ್ಲ. ಅಲೆಕ್ಸಾಂಡರ್ ಗೆದ್ದ ನೆಲದ ಬಹುಭಾಗ ಅವನಿಗಿಂತ ಇನ್ನೂರು ವರ್ಷ ಮೊದಲೇ ಒಂದೇ ಸಾಮ್ರಾಜ್ಯವಾಗಿ ಕೂಡಿಕೊಂಡಿತ್ತು. ಅದರ ರಸ್ತೆಗಳು, ಖಜಾನೆಗಳು, ಪ್ರಾಂತಗಳ ಆಡಳಿತ ಎಲ್ಲವೂ ಸಿದ್ಧವಾಗಿದ್ದವು. ಆ ನೆಲವನ್ನು ಬಿಡಿಬಿಡಿಯಾಗಿದ್ದ ರಾಜ್ಯಗಳಿಂದ ಮೊದಲು ಜೋಡಿಸಿದವನು ಸೈರಸ್. ಭೂಪಟದಲ್ಲಿ ಇಬ್ಬರ ಬಣ್ಣವೂ ಹೆಚ್ಚುಕಡಿಮೆ ಒಂದೇ ಜಾಗವನ್ನು ತುಂಬುತ್ತದೆಯಾದರೂ ಇಬ್ಬರೂ ಕೈಹಾಕಿದ ಕೆಲಸ ಬೇರೆ ಬೇರೆ.

ಆದ್ದರಿಂದ ನಾನು ನಾಲ್ಕು ಪ್ರಶ್ನೆಗಳನ್ನು ಕೇಳುತ್ತೇನೆ. ಗೆದ್ದ ಮರುದಿನ ಅವನು ಸೋತವರಿಗೆ ಏನು ಮಾಡಿದ? ಅವನ ಮುನ್ನಡೆ ಎಲ್ಲಿ ನಿಂತಿತು, ನಿಲ್ಲಿಸಿದವರು ಯಾರು? ತನ್ನ ಬಯಕೆಯ ಬಗ್ಗೆ ಅವನ ಸ್ವಂತ ಮಾತು ಏನಾದರೂ ಉಳಿದಿದೆಯೇ, ಅಥವಾ ನಮಗೆ ಸಿಗುವುದೆಲ್ಲ ಪರರ ಬಾಯಿಯ ಮಾತೇ? ಅವನ ಕಣ್ಣು ಮುಚ್ಚಿದ ಮೇಲೆ ಕಟ್ಟಿದ್ದರಲ್ಲಿ ಎಷ್ಟು ನಿಂತಿತು? ಇವುಗಳ ಜೊತೆಗೆ ಓದುಗನ ಕಡೆಯ ಲೆಕ್ಕವೂ ಇದೆ: ಒಂದು ವಾರದ ಬಿಡುವೋ ಒಂದು ವರ್ಷದ್ದೋ, ಪುಸ್ತಕಕ್ಕೂ ಪ್ರಯಾಣಕ್ಕೂ ಎಷ್ಟು ಹಣ ಹೂಡಬಲ್ಲಿರಿ, ಒಂದರ ವಿರುದ್ಧ ಒಂದು ಸಾಕ್ಷ್ಯವಿಟ್ಟು ತೂಗುವ ತಾಳ್ಮೆ ಎಷ್ಟಿದೆ. ಈ ಪ್ರಶ್ನೆಗಳಲ್ಲಿ ಮೊದಲನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಯುದ್ಧಭೂಮಿಯಲ್ಲಿ ವಿಜೇತರೆಲ್ಲ ಒಂದೇ ಬಗೆಯವರಂತೆ ಕಾಣುತ್ತಾರೆ. ಮರುದಿನದ ಆಜ್ಞೆಯಲ್ಲಿ ಮಾತ್ರ ಒಬ್ಬೊಬ್ಬನ ಬಯಕೆ ಏನಿತ್ತೆಂಬುದು ಹೊರಬೀಳುತ್ತದೆ.

ಸೈರಸ್: ಒಂದು ಸಂಜೆಗೆ ಸಾಕಾಗುವ ಆರಂಭ

ಬಿಡುವು ಕಡಿಮೆಯಿದ್ದವರಿಗೆ ಸೈರಸ್ ಅನುಕೂಲ. ಕ್ರಿ.ಪೂ. 550ರ ಸುಮಾರಿಗೆ ಮೀಡಿಯರ ದೊರೆಯನ್ನು, ಕೆಲವೇ ವರ್ಷಗಳಲ್ಲಿ ಲಿಡಿಯದ ಕ್ರೀಸಸ್‌ನನ್ನು, ಕ್ರಿ.ಪೂ. 539ರಲ್ಲಿ ಬ್ಯಾಬಿಲೋನನ್ನು ಗೆದ್ದ ಇವನ ಬಗ್ಗೆ ಉಳಿದಿರುವ ಮುಖ್ಯ ದಾಖಲೆ ಒಂದು ಮಣ್ಣಿನ ಉರುಳೆ. ಗೇಣುದ್ದದ ಆ ಉರುಳೆ 1879ರಲ್ಲಿ ಬ್ಯಾಬಿಲೋನಿನ ಅವಶೇಷಗಳಲ್ಲಿ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಮೇಲಿನ ನಲವತ್ತೈದು ಸಾಲುಗಳನ್ನು ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು.

ಆ ಸಾಲುಗಳಲ್ಲಿ ಸೈರಸ್ ತನ್ನನ್ನು ಪರದೇಶದ ವಿಜೇತನೆಂದು ಕರೆದುಕೊಳ್ಳುವುದೇ ಇಲ್ಲ. ಬ್ಯಾಬಿಲೋನಿನ ದೇವರಾದ ಮರ್ದೂಕನೇ ನ್ಯಾಯವಂತನಾದ ರಾಜನನ್ನು ಹುಡುಕಿ, ತನ್ನ ಕೈ ಹಿಡಿದು ಕರೆತಂದನೆಂದೂ, ತನ್ನ ಸೈನ್ಯ ಶಾಂತವಾಗಿ ನಗರವನ್ನು ಹೊಕ್ಕಿತೆಂದೂ, ಸ್ಥಾನ ತಪ್ಪಿಸಿ ತಂದಿದ್ದ ದೇವತಾಮೂರ್ತಿಗಳನ್ನು ತಾನು ಅವುಗಳ ಊರಿನ ಗುಡಿಗಳಿಗೆ ಹಿಂದಿರುಗಿಸಿದೆನೆಂದೂ ಅದು ಹೇಳುತ್ತದೆ. ಸೋತವರ ದೇವರ ಬಾಯಲ್ಲಿ ತನ್ನ ಗೆಲುವನ್ನು ಹೇಳಿಸುವ ಈ ಬುದ್ಧಿ ನನಗೆ ಅಸಾಧಾರಣವಾಗಿ ಕಾಣುತ್ತದೆ. ಆದರೆ ಇಲ್ಲಿಗೇ ನಿಂತರೆ ಓದು ಅರ್ಧ. ಅದೇ ಬ್ಯಾಬಿಲೋನಿನ ಇನ್ನೊಂದು ದಾಖಲೆ, ನಗರ ಸೇರುವ ಮುನ್ನ ಟೈಗ್ರಿಸ್ ದಂಡೆಯ ಓಪಿಸ್‌ನಲ್ಲಿ ನಡೆದ ಕಾಳಗವನ್ನೂ ಅಲ್ಲಿನ ಕೊಲೆಯನ್ನೂ ನಮೂದಿಸುತ್ತದೆ. ಉರುಳೆ ಅದರ ಬಗ್ಗೆ ಮೌನವಾಗಿದೆ. ಸ್ತುತಿ ಯಾವುದು, ಸಂಗತಿ ಯಾವುದು ಎಂದು ಬಿಡಿಸುವ ಅಭ್ಯಾಸಕ್ಕೆ, ನಮ್ಮ ಐಹೊಳೆಯ ರವಿಕೀರ್ತಿಯ ಪ್ರಶಸ್ತಿಯನ್ನು ಓದುವಾಗ ಬೇಕಾಗುವ ಅದೇ ಎಚ್ಚರಕ್ಕೆ, ಇದಕ್ಕಿಂತ ಚಿಕ್ಕದಾದ ಪಾಠ ಸಿಗಲಾರದು.

ಇವನನ್ನು ಆರಿಸಿಕೊಂಡರೆ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮನುಷ್ಯ ಸೈರಸ್ ನಮಗೆ ಹತ್ತಿರಕ್ಕೆ ಸಿಗುವುದಿಲ್ಲ. ಅವನು ಕ್ರಿ.ಪೂ. 530ರಲ್ಲಿ ಸತ್ತನೆಂಬುದು ಗೊತ್ತು. ಹೇಗೆ ಸತ್ತನೆಂಬುದಕ್ಕೆ ಗ್ರೀಕರು ಹೇಳಿದ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಸಾಮ್ರಾಜ್ಯ ಮಾತ್ರ ಅವನ ಬಳಿಕ ಎರಡು ಶತಮಾನ ನಿಂತಿತು.

ಅಲೆಕ್ಸಾಂಡರ್: ಕಥೆ ಬೇಕೆನ್ನುವವರಿಗೆ

ಆ ಎರಡು ಶತಮಾನಗಳನ್ನು ಕೊನೆಗಾಣಿಸಿದವನೇ ಅಲೆಕ್ಸಾಂಡರ್. ಇಪ್ಪತ್ತನೆಯ ವಯಸ್ಸಿಗೆ ಪಟ್ಟ, ಕ್ರಿ.ಪೂ. 334ರಲ್ಲಿ ಏಷ್ಯಾದ ನೆಲಕ್ಕೆ ಕಾಲು, 331ರಲ್ಲಿ ಗಾಗಮೇಲದಲ್ಲಿ ಪರ್ಷಿಯದ ದೊರೆ ದಾರಿಯಸ್‌ನ ಸೋಲು, 330ರಲ್ಲಿ ಪರ್ಸೆಪೊಲಿಸ್ ಅರಮನೆಗೆ ಬೆಂಕಿ, 323ರಲ್ಲಿ ಬ್ಯಾಬಿಲೋನಿನಲ್ಲಿ ಸಾವು, ಆಗ ವಯಸ್ಸು ಮೂವತ್ತೆರಡು. ಕಥನದ ಓಟಕ್ಕೆ ಇವನನ್ನು ಮೀರಿಸುವವರಿಲ್ಲ. ಹದಿಹರೆಯದ ಮಕ್ಕಳಿಗೆ ಇತಿಹಾಸದ ರುಚಿ ಹತ್ತಿಸಬೇಕಾದರೆ ನಾನೂ ಇವನನ್ನೇ ಕೊಡುತ್ತೇನೆ.

ಇವನ ಹಂಬಲವನ್ನು ಅರಿಯಲು ಎರಡು ಸ್ಥಳಗಳು ಸಾಕು. ಮೊದಲನೆಯದು ಮೀಡಿಯರ ಹಳೆಯ ರಾಜಧಾನಿ ಎಕ್ಬತಾನ. ಗ್ರೀಸಿನ ಮೇಲೆ ಹಿಂದೆ ಪರ್ಷಿಯನ್ನರು ನಡೆಸಿದ ದಾಳಿಗೆ ಪ್ರತೀಕಾರ ಎಂಬುದು ಈ ಯುದ್ಧದ ಘೋಷಿತ ಕಾರಣವಾಗಿತ್ತು. ಪರ್ಸೆಪೊಲಿಸ್ ಸುಟ್ಟ ಮೇಲೆ ಆ ಕಾರಣ ತೀರಿತು. ಎಕ್ಬತಾನದಲ್ಲಿ ಅವನು ಗ್ರೀಕ್ ಮಿತ್ರಪಡೆಗಳಿಗೆ ಸಂಬಳ ಕೊಟ್ಟು ಬೀಳ್ಕೊಟ್ಟ. ತಾನು ಮಾತ್ರ ಮುಂದೆ ನಡೆದ. ಅಲ್ಲಿಂದಾಚೆ ಬ್ಯಾಕ್ಟ್ರಿಯ, ಹಿಂದೂಕುಶ್, ಸಿಂಧೂ ನದಿಯವರೆಗಿನ ದಾರಿಗೆ ಹೇಳಿಕೊಳ್ಳಲು ಹಳೆಯ ಕಾರಣ ಉಳಿದಿರಲಿಲ್ಲ. ಅವನ ಚರಿತ್ರೆ ಬರೆದ ಆರಿಯನ್, ಇಂಥ ಕಡೆಗಳಲ್ಲೆಲ್ಲ ಅವನನ್ನು ಒಂದು ತೀವ್ರ ತುಡಿತ ಹಿಡಿಯಿತು ಎನ್ನುತ್ತಾನೆ.

ಎರಡನೆಯದು ಬಿಯಾಸ್ ನದಿಯ ದಡ. ಕ್ರಿ.ಪೂ. 326, ಪಂಜಾಬಿನ ಮಳೆಗಾಲ. ಝೀಲಂ ತೀರದಲ್ಲಿ ಪೋರಸ್‌ನನ್ನು ಗೆದ್ದು, ಅವನ ರಾಜ್ಯವನ್ನು ಅವನಿಗೇ ಮರಳಿ ಕೊಟ್ಟು, ಇನ್ನಷ್ಟು ನೆಲವನ್ನೂ ಸೇರಿಸಿ, ಸೈನ್ಯ ಪೂರ್ವಕ್ಕೆ ಬಂದಿದೆ. ಎಂಟು ವರ್ಷಗಳಿಂದ ಮನೆ ಕಾಣದವರು ಅವರು. ವಾರಗಟ್ಟಲೆ ಬಿಡದ ಮಳೆಗೆ ಬಟ್ಟೆ ಕೊಳೆತು, ಕುದುರೆಗಳ ಗೊರಸು ಸವೆದಿವೆ. ಆಚೆ ದಡದಲ್ಲಿ ಗಂಗೆಯ ಬಯಲಿನ ಮಹಾಸೈನ್ಯ ಕಾದಿದೆಯೆಂಬ ಸುದ್ದಿ ಬೇರೆ. ಕೊಯಿನಸ್ ಎಂಬ ಹಿರಿಯ ದಳಪತಿ ಎದ್ದುನಿಂತು ಸೈನಿಕರ ಪರವಾಗಿ ಮಾತಾಡಿದ. ಅಲೆಕ್ಸಾಂಡರ್ ಮೂರು ದಿನ ಡೇರೆಯಿಂದ ಹೊರಗೆ ಬರಲಿಲ್ಲ. ಸೈನಿಕರೂ ಮನಸ್ಸು ಬದಲಿಸಲಿಲ್ಲ. ಕೊನೆಗೆ ನದಿ ದಾಟಲು ಶಕುನ ಕೂಡಿಬರಲಿಲ್ಲವೆಂದು ಸಾರಿ, ದಡದಲ್ಲಿ ಹನ್ನೆರಡು ಬಲಿಪೀಠಗಳನ್ನು ಕಟ್ಟಿಸಿ ಹಿಂದಿರುಗಿದ. ಯಾವ ಶತ್ರುವಿನಿಂದಲೂ ನಿಲ್ಲದವನನ್ನು ನಿಲ್ಲಿಸಿದವರು ಅವನ ಅನ್ನ ಉಂಡವರೇ. ಪ್ರಾಚೀನ ಇತಿಹಾಸದಲ್ಲಿ ಸಾಮಾನ್ಯ ಸೈನಿಕರ ಇಚ್ಛೆ ಇಷ್ಟು ಸ್ಪಷ್ಟವಾಗಿ ಕಾಣಿಸುವ ಸಂದರ್ಭಗಳು ಬಹಳ ಇಲ್ಲ.

ಮರುದಿನದ ಪ್ರಶ್ನೆಗೆ ಅವನಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಥೀಬ್ಸ್ ನಗರವನ್ನು ನೆಲಸಮ ಮಾಡಿದವನೂ ಅವನೇ, ಪೋರಸ್‌ನನ್ನು ಮನ್ನಿಸಿದವನೂ ಅವನೇ, ಸೂಸಾದಲ್ಲಿ ತನ್ನ ಅಧಿಕಾರಿಗಳಿಗೆ ಪರ್ಷಿಯದ ಕುಲೀನ ಮನೆತನಗಳ ಹೆಣ್ಣುಗಳನ್ನು ಸಾಮೂಹಿಕವಾಗಿ ಮದುವೆ ಮಾಡಿಸಿದವನೂ ಅವನೇ. ಪಾಸರ್ಗಡೆಯಲ್ಲಿ ಸೈರಸ್‌ನ ಸಮಾಧಿ ಲೂಟಿಯಾದದ್ದನ್ನು ಕಂಡು ನೊಂದು, ಅದನ್ನು ಸರಿಪಡಿಸಲು ಆಜ್ಞೆ ಕೊಟ್ಟನಂತೆ. ಉತ್ತರಾಧಿಕಾರಿಯನ್ನು ಮಾತ್ರ ಗೊತ್ತು ಮಾಡಲಿಲ್ಲ. ಅವನು ಸತ್ತ ಮೇಲೆ ಹುಟ್ಟಿದ ಮಗನನ್ನು ಬಾಲ್ಯ ಕಳೆಯುತ್ತಿದ್ದಂತೆ ಕೊಲ್ಲಲಾಯಿತು. ಸೇನಾನಿಗಳು ಸಾಮ್ರಾಜ್ಯವನ್ನು ಹರಿದು ಹಂಚಿಕೊಂಡರು.

ಇವನ ಆಯ್ಕೆಯಲ್ಲಿ ಖರ್ಚು ಹೆಚ್ಚು. ಅವನ ಜೊತೆಗಿದ್ದವರು ಬರೆದದ್ದೆಲ್ಲ ಕಳೆದುಹೋಗಿದೆ. ನಮಗಿರುವ ಆರಿಯನ್ ಅವನಿಗಿಂತ ನಾನ್ನೂರು ವರ್ಷಕ್ಕೂ ಹೆಚ್ಚು ಈಚಿನವನು. ನಾಲ್ಕೈದು ಲೇಖಕರನ್ನು ಒಟ್ಟಿಗೆ ಹಿಡಿದು ಹೋಲಿಸದೆ ಯಾವ ಘಟನೆಯನ್ನೂ ನಂಬುವಂತಿಲ್ಲ. ಒಂದೇ ಪುಸ್ತಕ ಕೊಂಡು ಮುಗಿಸುತ್ತೇನೆ ಎನ್ನುವವರಿಗೆ ಸಿಗುವುದು ಆ ಪುಸ್ತಕದವರ ಅಲೆಕ್ಸಾಂಡರ್ ಮಾತ್ರ.

ಚಿನ್ ಷಿ ಹ್ವಾಂಗ್: ಆಡಳಿತದಲ್ಲಿ ಆಸಕ್ತಿಯಿದ್ದವರಿಗೆ

ಹಂಬಲದ ಆಳವನ್ನಷ್ಟೇ ಕೇಳುವುದಾದರೆ ನನ್ನ ಮಟ್ಟಿಗೆ ಐವರಲ್ಲಿ ಮೊದಲಿಗ ಇವನು. ಹದಿಮೂರನೆಯ ವಯಸ್ಸಿಗೆ ಚಿನ್ ರಾಜ್ಯದ ದೊರೆಯಾಗಿ, ಕ್ರಿ.ಪೂ. 230ರಿಂದ 221ರ ನಡುವಿನ ಹತ್ತೇ ವರ್ಷಗಳಲ್ಲಿ ಉಳಿದ ಆರು ರಾಜ್ಯಗಳನ್ನೂ ಒಂದೊಂದಾಗಿ ನುಂಗಿದ. ಅಲೆಕ್ಸಾಂಡರನಿಗೆ ಗೆಲ್ಲುವುದೇ ಕೆಲಸವಾಗಿದ್ದರೆ, ಇವನಿಗೆ ಕೆಲಸ ಶುರುವಾದದ್ದು ಗೆದ್ದ ಮೇಲೆ.

ಆ ಕಾಲದ ತೂಕದ ಕಲ್ಲುಗಳೂ ಧಾನ್ಯದ ಅಳತೆಪಾತ್ರೆಗಳೂ ಇಂದಿಗೂ ಉಳಿದಿವೆ. ನಮ್ಮ ಹಿರಿಯರ ಮನೆಗಳಲ್ಲಿ ಸೇರು, ಪಾವು ಇರುತ್ತಿದ್ದವಲ್ಲ, ಅಂಥವೇ. ಅವುಗಳ ಮೇಲೆ ನಲವತ್ತು ಅಕ್ಷರಗಳ ಒಂದು ಆಜ್ಞೆಯಿದೆ: ಆಳ್ವಿಕೆಯ ಇಪ್ಪತ್ತಾರನೆಯ ವರ್ಷದಲ್ಲಿ ಚಕ್ರವರ್ತಿಯು ಭೂಮಿಯ ಮೇಲಿನ ಅರಸರನ್ನೆಲ್ಲ ಒಂದುಗೂಡಿಸಿದನು, ಪ್ರಜೆಗಳು ನೆಮ್ಮದಿ ಕಂಡರು, ಇನ್ನು ಅಳತೆಗಳಲ್ಲಿ ವ್ಯತ್ಯಾಸವೋ ಅನುಮಾನವೋ ಇದ್ದಲ್ಲಿ ಅವನ್ನು ಒಂದೇ ಆಗಿಸತಕ್ಕದ್ದು. ದಿಗ್ವಿಜಯದ ಘೋಷಣೆಯನ್ನು ಕಂಬದ ಮೇಲೂ ಬೆಟ್ಟದ ಮೇಲೂ ಕೆತ್ತಿಸಿದ ರಾಜರು ಬಹಳ ಮಂದಿ. ಇವನೂ ಬೆಟ್ಟಗಳ ಮೇಲೆ ಕೆತ್ತಿಸಿದ. ಆದರೆ ಅದನ್ನು ಸಂತೆಯಲ್ಲಿ ಕಾಳು ಅಳೆಯುವ ಪಾತ್ರೆಯ ಮೇಲೆ ಬರೆಸಿ, ಕೊಳ್ಳುವವರೂ ಮಾರುವವರೂ ದಿನವೂ ಕೈಯಲ್ಲಿ ಹಿಡಿಯುವಂತೆ ಮಾಡಿದವನ ಬಯಕೆ ಎಷ್ಟು ಒಳಗೆ ಇಳಿಯುವಂಥದೆಂದು ಯೋಚಿಸಿದಾಗಲೆಲ್ಲ ನನಗೆ ಬೆರಗೂ ಭಯವೂ ಒಟ್ಟಿಗೇ ಆಗುತ್ತವೆ. ಲಿಪಿ ಒಂದೇ, ನಾಣ್ಯ ಒಂದೇ, ಗಾಡಿಯ ಅಚ್ಚಿನ ಅಗಲವೂ ಒಂದೇ. ದೇಶಕ್ಕೆ ಮೂವತ್ತಾರು ಜಿಲ್ಲೆಗಳು. ಸೋತ ರಾಜ್ಯಗಳ ಆಯುಧಗಳನ್ನು ಕರಗಿಸಿ ಹನ್ನೆರಡು ಬೃಹತ್ ಪ್ರತಿಮೆಗಳು. ಕ್ರಿ.ಪೂ. 213ರಲ್ಲಿ ಹಳೆಯ ಗ್ರಂಥಗಳನ್ನು ಸುಡುವ ಆಜ್ಞೆಯೂ ಇದೇ ಬಯಕೆಯ ಇನ್ನೊಂದು ಮುಖ. ತನ್ನ ವಂಶ ಹತ್ತು ಸಾವಿರ ತಲೆಮಾರು ಆಳಬೇಕೆಂದು ತನ್ನನ್ನು ಮೊದಲನೆಯ ಚಕ್ರವರ್ತಿ ಎಂದು ಎಣಿಸಿಕೊಂಡ. ಕ್ರಿ.ಪೂ. 210ರಲ್ಲಿ ಅವನು ಸತ್ತ. ನಾಲ್ಕೇ ವರ್ಷಗಳಲ್ಲಿ ವಂಶ ಅಳಿಯಿತು.

ಅಳಿದ ಬಗೆಯಲ್ಲಿಯೂ ಮಳೆಯೊಂದು ಬರುತ್ತದೆ. ಗಡಿಗೆ ಹೊರಟಿದ್ದ ಒಂಬೈನೂರು ಬಲವಂತದ ಸೈನಿಕರು ಮಳೆಯಿಂದ ದಾರಿಯಲ್ಲಿ ತಡವಾದರು, ತಡವಾದರೆ ಮರಣದಂಡನೆಯೆಂದು ಹೆದರಿ ದಂಗೆ ಎದ್ದರು ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಆದರೆ 1975ರಲ್ಲಿ ಹುಬೇ ಪ್ರಾಂತದ ಷುಯಿಹುದಿಯ ಗೋರಿಯೊಂದರಲ್ಲಿ ಸಿಕ್ಕ, ಚಿನ್ ಕಾನೂನನ್ನು ಬರೆದ ಬಿದಿರಿನ ಪಟ್ಟಿಗಳಲ್ಲಿ, ಬಿಟ್ಟಿ ಕೆಲಸಕ್ಕೆ ತಡವಾಗಿ ಬಂದರೆ ಬೈಗುಳ, ಇನ್ನೂ ತಡವಾದರೆ ಗುರಾಣಿಯ ಬೆಲೆಯಷ್ಟು ದಂಡ ಎಂದಿದೆ; ಮಳೆ ಬಂದರೆ ವಿನಾಯಿತಿಯೂ ಇದೆ. ಗಡಿಸೇವೆಗೂ ಇದೇ ನಿಯಮವಿತ್ತೇ ಎಂಬುದು ಬೇರೆ ಚರ್ಚೆ. ಆದರೂ ಸಿಮಾ ಚಿಯೆನ್ ಬರೆದದ್ದು ಚಿನ್ ವಂಶದ ಜಾಗದಲ್ಲಿ ಬಂದ ಹಾನ್ ವಂಶದ ಆಸ್ಥಾನದಲ್ಲಿ ಕುಳಿತು ಎಂಬುದನ್ನು ಓದುಗರು ಮರೆಯಬಾರದು.

ನಾಗರಿಕ ಸೇವಾ ಪರೀಕ್ಷೆಗೆ ಓದುವವರಿಗೆ, ಆಡಳಿತದ ಅನುಭವವಿರುವ ನಿವೃತ್ತರಿಗೆ ನಾನು ಹಿಂದೆಮುಂದೆ ನೋಡದೆ ಇವನನ್ನು ಸೂಚಿಸುತ್ತೇನೆ. ವಂಶ ಹೋದರೂ ಅವನ ಜಿಲ್ಲೆ, ಲಿಪಿ, ಚೌಕ ತೂತಿನ ದುಂಡು ನಾಣ್ಯ ಎರಡು ಸಾವಿರ ವರ್ಷ ನಡೆದುಬಂದವು. 1974ರಲ್ಲಿ ಷಿಯಾನ್ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನ್ಯವನ್ನು ಕಣ್ಣಾರೆ ನೋಡಲು ಹಣ ಬೇಕು. ಅವನನ್ನು ಅರಿಯಲು ಆ ಪ್ರಯಾಣ ಅಗತ್ಯವೇನಲ್ಲ. ತೂಕದ ಕಲ್ಲಿನ ಚಿತ್ರವೊಂದು ಸಾಕು.

ಸೀಸರ್

ಸೀಸರ್‌ನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅವನ ಹಂಬಲ ಉಳಿದವರದರಷ್ಟು ಒಗಟಾಗಿಲ್ಲ. ಅವನ ಕಣ್ಣಿದ್ದದ್ದು ರೋಮಿನ ಅಧಿಕಾರದ ಮೇಲೆ; ಗಾಲ್ ದೇಶ, ಅಂದರೆ ಹೆಚ್ಚುಕಡಿಮೆ ಇಂದಿನ ಫ್ರಾನ್ಸ್, ಅದಕ್ಕೆ ಮೆಟ್ಟಿಲು. ಕ್ರಿ.ಪೂ. 58ರಿಂದ ಅಲ್ಲಿ ಗಳಿಸಿದ ಹಣ, ಸೈನ್ಯ, ಕೀರ್ತಿ ಮೂರನ್ನೂ ಕಟ್ಟಿಕೊಂಡು 49ರಲ್ಲಿ ರೂಬಿಕಾನ್ ನದಿ ದಾಟಿ ಸ್ವಂತ ಗಣರಾಜ್ಯದ ಮೇಲೇ ನುಗ್ಗಿದ. 44ರಲ್ಲಿ ಆಜೀವ ಸರ್ವಾಧಿಕಾರಿಯಾದ. ಅದೇ ವರ್ಷದ ಮಾರ್ಚ್ 15ರಂದು ಸೆನೆಟಿನಲ್ಲಿ ಕೊಲೆಯಾದ. ಸ್ವಂತ ಮಾತಿನ ಮಾನದಂಡದಲ್ಲಿ ಅವನು ಎಲ್ಲರಿಗಿಂತ ಮುಂದೆ: ತನ್ನನ್ನು 'ಅವನು' ಎಂದೇ ಕರೆದುಕೊಂಡು ಬರೆದ ಅವನ ಯುದ್ಧವರದಿ ಸರಳ, ಸ್ಪಷ್ಟ, ಇಂಗ್ಲಿಷ್ ಅನುವಾದದಲ್ಲಿ ಪುಕ್ಕಟೆಯಾಗಿಯೇ ಸಿಗುತ್ತದೆ. ಅದರಲ್ಲಿ ಅಲೀಸಿಯ ಮುತ್ತಿಗೆಯ ಭಾಗವನ್ನು ತಪ್ಪದೆ ಓದಬೇಕು. ಕೋಟೆಯೊಳಗೆ ಅನ್ನ ಮುಗಿದಾಗ ಗಾಲರು ಕಾದಾಡಲಾಗದ ಊರವರನ್ನು, ಹೆಂಗಸರು ಮಕ್ಕಳ ಸಮೇತ, ಹೊರಗೆ ಕಳಿಸಿದರು. ಅವರು ರೋಮನ್ನರ ದಿಬ್ಬದ ಬಳಿ ಬಂದು, ನಮ್ಮನ್ನು ಗುಲಾಮರನ್ನಾಗಿಯಾದರೂ ತೆಗೆದುಕೊಂಡು ಊಟ ಕೊಡಿ ಎಂದು ಅತ್ತು ಬೇಡಿದರು. ಸೀಸರ್ ಕಾವಲು ಹಾಕಿಸಿ, ಅವರನ್ನು ಒಳಗೆ ಬಿಡದಂತೆ ತಡೆದ. ಇದನ್ನು ಬರೆದವನು ಅವನೇ. ಮುಂದೆ ಅವರಿಗೇನಾಯಿತೆಂದು ಒಂದು ಸಾಲೂ ಇಲ್ಲ. ಬರವಣಿಗೆಯ ಕೌಶಲ, ರಾಜಕೀಯದ ಲೆಕ್ಕಾಚಾರ ಇವುಗಳಲ್ಲಿ ಆಸಕ್ತಿಯಿದ್ದವರು ಸೀಸರ್‌ನನ್ನು ಆರಿಸಿಕೊಳ್ಳಲಿ. ಆದರೆ ಆ ಬಿಟ್ಟುಹೋದ ಸಾಲನ್ನು ಗಮನಿಸುತ್ತ ಓದಲಿ.

ಅಶೋಕ: ಕಡಿಮೆ ಖರ್ಚಿನ, ಹೆಚ್ಚು ಕಷ್ಟದ ಆಯ್ಕೆ

ಅಶೋಕನನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ಅವನನ್ನು ನಾವು ಬಲ್ಲೆವು ಎಂದುಕೊಂಡಿರುತ್ತೇವೆ: ಯುದ್ಧ ಮಾಡಿದ, ಮರುಗಿದ, ಬುದ್ಧನಿಗೆ ಶರಣಾದ. ಶಾಸನಗಳು ಹೇಳುವುದು ಇದಕ್ಕಿಂತ ಗಡುಸಾದ ಸಂಗತಿ. ಪಟ್ಟವಾಗಿ ಎಂಟು ವರ್ಷವಾದಾಗ ಕಳಿಂಗವನ್ನು ಗೆದ್ದೆ, ಒಂದೂವರೆ ಲಕ್ಷ ಜನರನ್ನು ಅಲ್ಲಿಂದ ಒಯ್ಯಲಾಯಿತು, ಒಂದು ಲಕ್ಷ ಜನ ಕೊಲ್ಲಲ್ಪಟ್ಟರು, ಅದರ ಎಷ್ಟೋ ಪಟ್ಟು ಜನ ಸತ್ತರು ಎಂದು ಹದಿಮೂರನೆಯ ಬಂಡೆಶಾಸನದಲ್ಲಿ ಅವನೇ ಲೆಕ್ಕ ಕೊಡುತ್ತಾನೆ. ಇಂದು ಅದರ ನೂರರಲ್ಲೊಂದು, ಸಾವಿರದಲ್ಲೊಂದು ಪಾಲಿನಷ್ಟು ಜನ ಹಾಗೆ ನೊಂದರೂ ತನಗೆ ಅದು ಭಾರವೆನ್ನುತ್ತಾನೆ. ಗೆದ್ದ ರಾಜ ತಾನು ಕೊಂದವರ ಸಂಖ್ಯೆಯನ್ನು ಹೆಮ್ಮೆಗಾಗಿಯಲ್ಲದೆ ದುಃಖಕ್ಕಾಗಿ ಬರೆಸಿದ್ದನ್ನು ಉಳಿದ ನಾಲ್ವರಲ್ಲಿ ಕಾಣಲಾರೆವು.

ಹಾಗೆಂದು ಅವನು ಕಳಿಂಗವನ್ನು ಬಿಟ್ಟುಕೊಡಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ಪಶ್ಚಾತ್ತಾಪದಲ್ಲಿಯೂ ತನಗೆ ಬಲವಿದೆಯೆಂಬ ಎಚ್ಚರಿಕೆಯೂ ಇದೆ. ಇನ್ನೂ ಮುಖ್ಯವಾಗಿ, ಕಳಿಂಗದೊಳಗಿನ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಆ ಹದಿಮೂರನೆಯ ಶಾಸನವನ್ನೇ ಕೆತ್ತಿಸಿಲ್ಲ. ಅದರ ಜಾಗದಲ್ಲಿ ಅಧಿಕಾರಿಗಳಿಗೆ ಕೊಟ್ಟ ಆದೇಶವಿದೆ: ಎಲ್ಲ ಮನುಷ್ಯರೂ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ. ಕೊಂದವನ ಮರುಕವನ್ನು ಸತ್ತವರ ಮನೆಯವರ ಮುಂದೆ ಓದಿಸುವುದು ಸಂಕೋಚದಿಂದ ಬೇಡವಾಯಿತೋ, ರಾಜನೀತಿಯಿಂದ ಬೇಡವಾಯಿತೋ? ನನ್ನ ಒಲವು ಎರಡನೆಯದರ ಕಡೆಗೆ. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಪ್ರತಿ ವರ್ಷವೂ ಇದನ್ನು ಒಪ್ಪುವುದಿಲ್ಲ. ಆಶ್ಚರ್ಯವೆಂದರೆ ಈ ಕಳಿಂಗದ ಆದೇಶಗಳೇ ನಮ್ಮ ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಯಲ್ಲೂ ಸಿಕ್ಕಿವೆ, ಅದೂ ಗುಡಿಯ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ.

ಅವನ ಹಂಬಲ ಕುಗ್ಗಿತೆಂದು ನಾನು ಒಪ್ಪುವುದಿಲ್ಲ. ಶಸ್ತ್ರದ ಗೆಲುವನ್ನು ಬಿಟ್ಟು ಧಮ್ಮದ ಗೆಲುವನ್ನೇ ಗೆಲುವೆಂದು ಕರೆದು, ಅದು ಐವರು ಯವನ ರಾಜರ ನಾಡುಗಳಿಗೂ ಮುಟ್ಟಿತೆಂದು ಹೇಳಿ, ಮಕ್ಕಳೂ ಮರಿಮಕ್ಕಳೂ ಹೊಸ ಯುದ್ಧವನ್ನು ಯೋಚಿಸದಿರಲಿ ಎಂದು ಬರೆಸಿದವನ ಬಯಕೆ ಚಿಕ್ಕದಲ್ಲ. ಉಳಿದ ನಾಲ್ವರು ಜನರ ನೆಲ, ತೆರಿಗೆ, ಅಳತೆ, ಲಿಪಿಗಳವರೆಗೆ ಬಂದರು. ಇವನು ಅವರ ನಡತೆಯವರೆಗೆ ಬಂದ. ಅವನ ಬಳಿಕ ಅರ್ಧ ಶತಮಾನದಲ್ಲಿ ಮೌರ್ಯರ ಆಳ್ವಿಕೆ ಮುಗಿಯಿತು. ಇನ್ನೂ ಐನೂರು ವರ್ಷಗಳಾಚೆ, ಇಂದು ಪ್ರಯಾಗದಲ್ಲಿ ನಿಂತಿರುವ ಅವನದೇ ಕಂಬದ ಮೇಲೆ, ಸಮುದ್ರಗುಪ್ತನ ದಿಗ್ವಿಜಯದ ಪ್ರಶಸ್ತಿಯನ್ನು ಹರಿಷೇಣ ಬರೆದ.

ಹಣದ ದೃಷ್ಟಿಯಿಂದ ನೋಡಿದರೆ ಕನ್ನಡಿಗರಿಗೆ ಇದಕ್ಕಿಂತ ಅಗ್ಗದ ಆಯ್ಕೆಯಿಲ್ಲ. 1915ರಲ್ಲಿ ಚಿನ್ನದ ಅದಿರಿನ ಹುಡುಕಾಟದಲ್ಲಿದ್ದ ಎಂಜಿನಿಯರ್ ಸಿ. ಬೀಡನ್‌ನ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನವೇ 'ದೇವಾನಾಂಪ್ರಿಯ' ಎಂಬ ಬಿರುದಿನ ಹಿಂದಿರುವ ಹೆಸರು ಅಶೋಕ ಎಂದು ಮೊದಲು ತೋರಿಸಿದ್ದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನ, ಮೌರ್ಯರ ದಕ್ಷಿಣ ಪ್ರಾಂತದ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ, ಇಸಿಲವೆಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಮಾತು ಶುರುಮಾಡುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಸಾವಿರ ಮೈಲಿಗೂ ಹೆಚ್ಚು ದೂರದ ಲಿಪಿಯೊಂದು ಚಿತ್ರದುರ್ಗದ ಬಂಡೆಗೆ ಬಂದದ್ದೇ ಆ ಸಾಮ್ರಾಜ್ಯದ ಅಗಲಕ್ಕೆ ಸಾಕ್ಷಿ.

ಇನ್ನು ಆಯ್ಕೆ. ಒಂದೇ ವಾರವಿದ್ದರೆ ಸೈರಸ್‌ನ ಉರುಳೆ. ಮನೆಯ ಮಕ್ಕಳ ಜೊತೆ ಓದುವುದಾದರೆ ಅಲೆಕ್ಸಾಂಡರ್, ಆದರೆ ಎರಡು ಪುಸ್ತಕಗಳಾದರೂ ಇರಲಿ. ಒಬ್ಬನೇ ಲೇಖಕನ ಜೊತೆ ವಾದ ಮಾಡುತ್ತ ಓದುವ ಹುರುಪಿದ್ದರೆ ಸೀಸರ್. ರಾಜ್ಯವೆಂಬುದು ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ ಚಿನ್ ಷಿ ಹ್ವಾಂಗ್. ಇಡೀ ವರ್ಷ ಕೈಯಲ್ಲಿದ್ದರೆ ಅಲೆಕ್ಸಾಂಡರನಿಂದ ಹೊರಟು, ಬಿಯಾಸ್ ದಡದಲ್ಲಿ ಅವನನ್ನು ಬಿಟ್ಟು, ಅವನ ನಂತರದ ಎರಡು ತಲೆಮಾರುಗಳನ್ನು ದಾಟಿ ಅಶೋಕನಿಗೆ ಬನ್ನಿ. ಆ ಹೊತ್ತಿಗೆ ಮಸ್ಕಿಗೋ ಬ್ರಹ್ಮಗಿರಿಗೋ ಒಮ್ಮೆ ಹೋಗಿಬರಬೇಕೆನ್ನಿಸುತ್ತದೆ. ಹೋಗುವವರು ಬೆಳಗಿನ ಓರೆ ಬಿಸಿಲಿರುವಾಗಲೇ ಹೋಗಲಿ, ನಡುಹಗಲ ಬೆಳಕಿನಲ್ಲಿ ಸವೆದ ಬ್ರಾಹ್ಮಿ ಅಕ್ಷರಗಳು ಕಣ್ಣಿಗೆ ಹತ್ತುವುದಿಲ್ಲ.